ಬಂಗುಡೆ ಐಸು

ಉಪ್ಪಳ ಗೇಟಿನಿಂದ ಕುಂಬಳೆ ಪೇಟೆಯ ತನಕ
ಹೆದ್ದಾರಿಗೆ ಈ ತಿಂಗಳು ಎರಡೇ ಜಾತಿ:
ಹಳದಿ, ಮತ್ತು ನೀಲಿಬಿಳಿ ಪಟ್ಟೆ.
ಪೋರ್ಚುಗಲ್ಲಿನವರು ನಾಲ್ಕೇ ಮನೆ, ಹೊಳೆಯಾಚೆ.
ಅವರ ಬಾವುಟವೇ ಎಲ್ಲಕ್ಕಿಂತ ಎತ್ತರ,
ತೆಂಗಿನ ತುದಿಗೆ ಕಟ್ಟಿದ್ದಾರೆ.

ಕುಂಞಾಮುವಿನ ಅಂಗಡಿಯ ಹಿಂಗೋಡೆಗೆ ಬಿಳಿ ಪಂಚೆ ಬಿಗಿದು ಪ್ರೊಜೆಕ್ಟರ್.
ಗೋಲಾದರೆ ನಾಲ್ಕು ಭಾಷೆಯಲ್ಲಿ ಬೈಗುಳ,
ಆಗದಿದ್ದರೆ ಐದರಲ್ಲಿ.
ನಾನು ಗೋಲು ನೋಡುವುದಿಲ್ಲ.
ಬದಲಿ ಆಟಗಾರ ಒಳಗೆ ಹೋದ ಮೇಲೆ
ಹೊರಗೆ ಬಂದು ಕೂತನಲ್ಲ, ಅವನನ್ನು ನೋಡುತ್ತೇನೆ.
ಯಾರೋ ಬಗ್ಗಿ ಅವನ ಮೊಣಕಾಲಿಗೆ ಐಸಿನ ಚೀಲ ಇಟ್ಟು
ಪ್ಲಾಸ್ಟಿಕ್ ಸುತ್ತುತ್ತಾರೆ,
ಮೂಡೆಗೆ ಎಲೆ ಸುತ್ತಿದ ಹಾಗೆ, ಅಷ್ಟು ನಿಧಾನ.
ಕ್ಯಾಮೆರಾ ಅಲ್ಲಿ ಎರಡು ಸೆಕೆಂಡು ನಿಲ್ಲುತ್ತದೆ.
ಆ ಎರಡು ಸೆಕೆಂಡಿಗೇ ನಾನು ಬರುವುದು.

ನಮ್ಮದು ಸೆವೆನ್ಸು.
ಕೊಯ್ದ ಗದ್ದೆ, ಗಾಳಿಮರದ ಗ್ಯಾಲರಿ,
ರಾತ್ರಿಗೆ ಮುನ್ನೂರು ರೂಪಾಯಿ, ಪೊರೋಟ ಬೇರೆ.
ಚೆರುವತ್ತೂರಲ್ಲಿ ಆಡಿ, ಲಾರಿಯ ಹಿಂದೆ ಕೂತು ಬಂದು
ಬೆಳಕಾಗುವ ಮೊದಲೇ ದೋಣಿಗೆ.
ನೋವಾದರೆ ಎಣ್ಣೆ. ಬಾತುಕೊಂಡರೆ ಇನ್ನಷ್ಟು ಎಣ್ಣೆ.
‘ಓಡು ಮಾರಾಯ, ಬಿಸಿಯಾದರೆ ಸರಿಹೋಗ್ತದೆ.’
ನೀಲೇಶ್ವರದ ಸೆಮಿಫೈನಲ್ಲಿನಲ್ಲಿ ಎಡ ಮೊಣಕಾಲು
ಒಮ್ಮೆ ಟಪ್ ಎಂದಿತು. ಗ್ಯಾಲರಿಗೆ ಕೇಳಲಿಲ್ಲ.
ಮತ್ತೂ ಇಪ್ಪತ್ತು ನಿಮಿಷ ಆಡಿದೆ.
ಅದನ್ನು ಧೈರ್ಯ ಎಂದರು, ಹಾರ ಹಾಕಿದರು.
ಈಗ ಐಸ್ ಪ್ಲಾಂಟಿನ ಮೂರು ಮೆಟ್ಟಿಲನ್ನು
ಎರಡೂ ಕೈಯಲ್ಲಿ ಹಿಡಿದು ಇಳಿಯುತ್ತೇನೆ.

ಮಗಳು ನಿರೀಕ್ಷಾ. ಹತ್ತನೇ ಕ್ಲಾಸು, ಎಡ ವಿಂಗು.
ಕಡಪ್ಪುರದ ಮರಳಲ್ಲಿ ಆಟ ಮುಗಿದರೆ
ನಮ್ಮ ಹಾಗೆ ದೊಪ್ಪನೆ ಬೀಳುವುದಿಲ್ಲ.
ನಡೆಯುತ್ತಾಳೆ. ಅಲೆಯಂಚಲ್ಲಿ, ಅರ್ಧ ವೇಗದಲ್ಲಿ,
ಬಿದ್ದ ಕಿವಿಯೋಲೆ ಹುಡುಕುವವಳಂತೆ.
ಆಮೇಲೆ ಎಳೆದಿಟ್ಟ ದೋಣಿಗೆ ಅಂಗಾಲು ಒತ್ತಿ
ಮೂವತ್ತು ಎಣಿಸುವ ತನಕ ಮೀನಖಂಡ ಎಳೆಯುತ್ತಾಳೆ.
(ಕಾಲಿನ ಆ ಜಾಗಕ್ಕೆ ಹಾಗೆ ಹೆಸರಿಟ್ಟವನು
ನಮ್ಮ ಕಡೆಯವನೇ ಇರಬೇಕು.)
ಮನೆಗೆ ಬಂದು ಉಪ್ಪು ಹಾಕಿದ ಗಂಜಿತಿಳಿ,
ಎರಡು ಮೊಟ್ಟೆ, ಕದಳಿ ಹಣ್ಣು.

ಹಸೈನಾರ್ ಮಾಷ್ ಹೇಳಿದ್ದಂತೆ:
ಆಡುವಾಗ ಮಾಂಸ ಹರಿಯುತ್ತದೆ, ಕಣ್ಣಿಗೆ ಕಾಣದಷ್ಟು.
ಬಲ ಬರುವುದು ಹೊಲಿಗೆಯಲ್ಲಿ,
ಹೊಲಿಗೆ ನಡೆಯುವುದು ನಿದ್ದೆಯಲ್ಲಿ.
ಬಲೆ ಹರಿದ ದಿನ ಕಡಲಿಗಿಳಿಯದ ಜನ ನಾವು.
ಅಷ್ಟು ಗೊತ್ತಿದ್ದವರಿಗೆ ಇಷ್ಟು ಹೊಳೆಯಲಿಲ್ಲ.

ಇವತ್ತು ಅವಳಿಗೆ ಒಂದೇ ದಿನ ಎರಡು ಮ್ಯಾಚು, ನಾಳೆ ಫೈನಲ್ಲು.
‘ಅಪ್ಪ, ಐಸು ತಾ.’
ಅರ್ಧ ಬ್ಲಾಕು ತಂದು ಗೋಣಿಯಲ್ಲಿ ಸುತ್ತಿ ಕುಟ್ಟಿ,
ಹರಾಜು ಕಟ್ಟೆಯ ನೀಲಿ ಡ್ರಮ್ಮಿಗೆ ಸುರಿದು ನೀರು ಬಿಟ್ಟೆ.
ಎಷ್ಟು ತೊಳೆದರೂ ಬಂಗುಡೆ ವಾಸನೆ.
ಮೂಗು ಹಿಡಿದು ಸೊಂಟದ ತನಕ ಇಳಿದಳು,
ಹಲ್ಲು ಕಟಕಟ. ಮೊದಲ ನಿಮಿಷ ನನ್ನನ್ನು ಬೈದಳು,
ಎರಡನೆಯದರಲ್ಲಿ ಮಾಷನ್ನು.
ಫೋನಿನಲ್ಲಿ ಹತ್ತು ನಿಮಿಷ ಇಟ್ಟು ಪಕ್ಕದಲ್ಲಿ ಕೂತೆ.

ಆರನೆಯ ನಿಮಿಷಕ್ಕೆ ಅಂಗಡಿ ಹಿಂದಿನಿಂದ ಬೊಬ್ಬೆ,
ಗರ್ನಾಲು, ಯಾರದೋ ಬೈಕಿನ ಹಾರನ್ನು.
‘ಯಾರು ಹೊಡೆದದ್ದು?’
ಎದ್ದೇ ಬಿಟ್ಟಳು, ಭುಜ ಒತ್ತಿ ಕೂರಿಸಿದೆ.
‘ಯಾರಾದರೂ ಹೊಡೀಲಿ. ಇನ್ನು ನಾಲ್ಕು ನಿಮಿಷ.’

ದ್ವಿತೀಯಾರ್ಧ ಶುರುವಾಗುವ ಮೊದಲೇ ಮಲಗಿದಳು,
ಬಾಯಿ ತುಸು ತೆರೆದು, ಗೋಡೆಗೆ ಕಾಲೆತ್ತಿ.
ಡ್ರಮ್ಮಲ್ಲಿ ಐಸು ಉಳಿದಿತ್ತು.
ಚೆಲ್ಲಲು ಹೋದವನು
ಸ್ಟೂಲೆಳೆದು ಎಡಗಾಲು ಇಳಿಸಿದೆ.
ಇಪ್ಪತ್ತೆರಡು ವರ್ಷ ತಡ, ಗೊತ್ತು.

ಪಕ್ಕದ ಮನೆ ಬೆಕ್ಕು ಬಂದು
ಡ್ರಮ್ಮಿಗೆ ಎರಡು ಸುತ್ತು ಹಾಕಿ
ಒಳಗೆ ಇಣುಕಿ,
ಇದೆಂಥ ಮೀನು ಎಂಬಂತೆ ನನ್ನ ಮುಖ ನೋಡಿತು.